‘ಜ್ಯಾಗರಿ’: ಒಂದು ಮಾತಿನ ಉಚ್ಚಾರಣೆಯೂ ಹುಟ್ಟೂ

ಇಂಗ್ಲಿಷು ಭಾಷೆಯ ಮಾತುಗಳೆಲ್ಲವೂ ಹಡಗು ಹತ್ತಿಕೊಂಡು ನಮ್ಮ ನಾಡಿಗೆ ಬಂದವು ಎಂದು ನಮ್ಮಲ್ಲಿ ಬಹು ಮಂದಿ ತಿಳಿದಿದ್ದಾರೆ. ಕೋರ್ಟು, ಕಾಲೇಜು, ರೈಲು, ಬಸ್ಸು ಇವು ಹಾಗೆ ಬಂದುವೆಂಬುದು ನಿಜ. ಆದರೆ ನಮ್ಮ ಪಡುವಣ ಕರಾವಳಿಯಿಂದಲೇ ಹಡಗು ಹತ್ತಿ ಹೋಗಿ, ಪರದೇಶದಲ್ಲಿ ಉಡುಪು ಬದಲಾಯಿಸಿಕೊಂಡು, ನಮ್ಮ ಪಠ್ಯಪುಸ್ತಕಗಳೊಳಕ್ಕೆ ಅಪರಿಚಿತರಂತೆ ಹಿಂದಿರುಗಿರುವ ಮಾತುಗಳೂ ಕೆಲವು ಉಂಟು. ಅಂತಹ ಒಂದು ಮಾತನ್ನು ಕುರಿತು ಇಲ್ಲಿ ನಾಲ್ಕು ವಿಷಯಗಳನ್ನು ಬರೆಯಲು ಹೊರಟಿದ್ದೇನೆ. ಆ ಮಾತು ‘ಜ್ಯಾಗರಿ’. ಅದರ ಅರ್ಥ, ಬೆಲ್ಲ.

ಭಾಷಾಶಾಸ್ತ್ರವನ್ನು ಕ್ರಮವಾಗಿ ಓದಿದವರಿಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು. ಆದರೆ ನನ್ನಂತೆ ಹಳ್ಳಿಯಿಂದ ಬಂದು, ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದ ಸಹಪಾಠಿಗಳು ನಮ್ಮ ಕಾಲೇಜಿನಲ್ಲಿ ಅನೇಕರಿದ್ದಾರೆ. ಇಂಗ್ಲಿಷು ಪಾಠವನ್ನು ಗಟ್ಟಿಯಾಗಿ ಓದಬೇಕಾದಾಗ ನಮ್ಮ ನಾಲಗೆ ಏಕೆ ತಡವರಿಸುತ್ತದೆಂಬುದು ನಮಗೆ ಮಾತ್ರ ಗೊತ್ತು. ಅವರಿಗಾಗಿ ಈ ಬರಹ. ತಪ್ಪಿದ್ದೆಡೆ ಅಧ್ಯಾಪಕರು ತಿದ್ದಿದರೆ ಸಂತೋಷ.

ಈ ಮಾತು ನನಗೆ ಬೇಕಾಗಿ ಬಂದ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಊರು ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ. ನಮ್ಮ ತಂದೆಯವರು ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯಲ್ಲಿ ಪಾಕ ನೋಡುವ ಕೆಲಸ ಮಾಡುತ್ತಾರೆ. ಒಮ್ಮೆ ವಿದ್ಯಾರ್ಥಿವೇತನದ ಅರ್ಜಿಯೊಂದರಲ್ಲಿ ‘ತಂದೆಯ ಉದ್ಯೋಗ’ ಎಂಬ ಕಡೆ ಇಂಗ್ಲಿಷಿನಲ್ಲಿ ತುಂಬಬೇಕಾಗಿತ್ತು. ಪಕ್ಕದಲ್ಲಿದ್ದವರೊಬ್ಬರು, “ಕೂಲಿ ಎಂದು ಬರೆದುಬಿಡಪ್ಪ, ಎಲ್ಲರೂ ಹಾಗೇ ಬರೆಯುತ್ತಾರೆ” ಎಂದರು. ಕೂಲಿಯೇನೂ ನಾಚಿಕೆಯ ಮಾತಲ್ಲ. ಆದರೆ ಕುದಿಯುವ ಕೊಪ್ಪರಿಗೆಯ ಗುಳ್ಳೆಯನ್ನು ನೋಡಿಯೇ ಬೆಲ್ಲ ಕಟ್ಟುವ ಹೊತ್ತನ್ನು ಹೇಳಬಲ್ಲವನ ಕೆಲಸಕ್ಕೆ ಅದರದೇ ಆದ ಹೆಸರೊಂದು ಇರಬೇಕೆಂದು ನನಗೆ ತೋರಿತು. ಗ್ರಂಥಾಲಯಕ್ಕೆ ಹೋಗಿ ನಿಘಂಟನ್ನು ತೆರೆದೆ. ಬೆಲ್ಲಕ್ಕೆ ‘ಜ್ಯಾಗರಿ’ ಎಂಬ ಮಾತು ಸಿಕ್ಕಿತು. ಅರ್ಜಿಯ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಆ ಮಾತಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ವ್ಯುತ್ಪತ್ತಿ ನನ್ನನ್ನು ಸುಮ್ಮನಿರಗೊಡಲಿಲ್ಲ.

ಉಚ್ಚಾರಣೆ

ಮೊದಲು ಮಾತಿನ ಮೈಯನ್ನು ನೋಡೋಣ. ಬರಹದಲ್ಲಿ ಇದಕ್ಕೆ ಏಳು ಅಕ್ಷರಗಳು: ಜೆ, ಎ, ಜಿ, ಜಿ, ಇ, ಆರ್, ವೈ. ನುಡಿಯುವಾಗ ಮೂರು ಸಿಲಬಲ್‌ಗಳು. ಸಿಲಬಲ್ ಎಂದರೆ ಒಂದು ಸ್ವರವನ್ನು ನಡುವಿಟ್ಟುಕೊಂಡು ಒಂದೇ ತಳ್ಳಿಗೆ ಬಾಯಿಂದ ಹೊರಡುವ ನುಡಿಯ ತುಣುಕು. ನಾವು ಛಂದಸ್ಸಿನಲ್ಲಿ ‘ಅಕ್ಷರ’ ಎಂದು ಎಣಿಸುವುದಕ್ಕೆ ಬಹಳ ಹತ್ತಿರದ್ದು. ಜ್ಯಾ, ಗ, ರಿ, ಹೀಗೆ ಮೂರು.

ಇದನ್ನು ಓದುವಾಗ ಕನ್ನಡಿಗರ ನಾಲಗೆಗೆ ಮೂರು ಕಡೆ ತೊಡಕು. ಮೊದಲನೆಯದು ಮೊದಲ ಸ್ವರ. ಅದು ‘ಜಾ’ ಅಲ್ಲ, ‘ಜ’ವೂ ಅಲ್ಲ. ‘ಬ್ಯಾಂಕು’ ಎನ್ನುವಾಗ ನಾವು ಹೊರಡಿಸುತ್ತೇವಲ್ಲ, ಆ ಸ್ವರ. ಕನ್ನಡ ವರ್ಣಮಾಲೆಯಲ್ಲಿ ಅದಕ್ಕೆ ಪ್ರತ್ಯೇಕ ಅಕ್ಷರವಿಲ್ಲದ ಕಾರಣ ‘ಜ್ಯಾ’ ಎಂದು ಬರೆದು ತೃಪ್ತಿಪಡುತ್ತೇವೆ. ಬರಹದಲ್ಲಿ ದೀರ್ಘದಂತೆ ಕಂಡರೂ ನುಡಿಯುವಾಗ ಅದನ್ನು ಎಳೆಯಬಾರದು.

ಎರಡನೆಯದು, ಜೋಡಿ ‘ಜಿ’. ಎರಡು ಅಕ್ಷರ ಕಂಡೊಡನೆ ನಾವು ದ್ವಿತ್ವವೆಂದು ಭಾವಿಸಿ ‘ಜಗ್ಗೆರಿ’ ಎಂದು ಒತ್ತಿಬಿಡುತ್ತೇವೆ. ಕನ್ನಡದಲ್ಲಿ ಒತ್ತಿದ್ದರೆ ಒತ್ತಲೇಬೇಕು; ‘ಕತೆ’ ಬೇರೆ, ‘ಕತ್ತೆ’ ಬೇರೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಮಾತಿನ ನಡುವೆ ಬರುವ ಜೋಡಿ ವ್ಯಂಜನ ಸಾಮಾನ್ಯವಾಗಿ ಒಂದೇ ಧ್ವನಿ. ‘ಡ್ಯಾಗರ್’ ಎಂಬ ಮಾತಿನಲ್ಲಿಯೂ ಎರಡು ಜಿಗಳಿವೆ, ಕೇಳುವುದು ಒಂದೇ ಗಕಾರ. ಹಾಗಾದರೆ ಎರಡು ಏಕೆ? ಹಿಂದಿನ ಸ್ವರ ಹ್ರಸ್ವವೆಂದು ಸೂಚಿಸುವುದಕ್ಕೆ ಒಂದು. ಮುಂದೆ ‘ಇ’ ಅಕ್ಷರ ಬಂದರೂ ಗಕಾರವು ‘ಜೆಂಟಲ್’ ಎಂಬಲ್ಲಿಯಂತೆ ಜಕಾರವಾಗದೆ ಗಕಾರವಾಗಿಯೇ ನಿಲ್ಲಲೆಂದು ಇನ್ನೊಂದು. ನಮ್ಮಲ್ಲಿ ಜೋಡಕ್ಷರ ನುಡಿಯುವುದಕ್ಕೆ. ಅವರಲ್ಲಿ ಬಹುಮಟ್ಟಿಗೆ ಕಾವಲಿಗೆ.

ಮೂರನೆಯದು ಒತ್ತು, ಎಂದರೆ ಬಲ ಬೀಳುವ ಎಡೆ. ಕನ್ನಡವನ್ನು ನುಡಿಯುವಾಗ ನಾವು ಎಲ್ಲ ಅಕ್ಷರಗಳಿಗೂ ಅವುಗಳ ಪಾಲಿನ ಗೌರವವನ್ನು ಸಲ್ಲಿಸುತ್ತೇವೆ. ಇಂಗ್ಲಿಷು ಹಾಗಲ್ಲ, ಒಂದು ಸಿಲಬಲ್ಲಿಗೆ ಬಲ ಕೊಟ್ಟು ಉಳಿದುವನ್ನು ಕ್ಷೀಣಗೊಳಿಸುತ್ತದೆ. ಇಲ್ಲಿ ಬಲವೆಲ್ಲ ಮೊದಲನೆಯದರ ಮೇಲೆ. ನಡುವಣ ‘ಇ’ ಎಂಬ ಅಕ್ಷರ ‘ಗೆ’ ಎಂದು ಕೇಳಿಸುವುದಿಲ್ಲ. ಅರ್ಧ ನುಂಗಿದ ಅಕಾರವಾಗಿ ಹಾದುಹೋಗುತ್ತದೆ. ಕೊನೆಯ ‘ವೈ’ ಹಗುರವಾದ ಇಕಾರ. ಆದುದರಿಂದಲೇ ‘ಜ್ಯಾಗರಿ’.

ಇಲ್ಲಿ ಒಂದು ಸ್ವಾರಸ್ಯವಿದೆ. ಮೊದಲನೆಯದು ಬಲ, ಉಳಿದೆರಡು ಹಗುರ; ಈ ನಡೆಗೆ ಇಂಗ್ಲಿಷು ಛಂದಸ್ಸಿನಲ್ಲಿ ಡ್ಯಾಕ್ಟಿಲ್ ಎಂದು ಹೆಸರು. ಈಗ ನಮ್ಮ ‘ಸಕ್ಕರೆ’ಗೆ ಪ್ರಸ್ತಾರ ಹಾಕಿ ನೋಡಿ. ‘ಸ’ಕಾರದ ಮುಂದೆ ಒತ್ತಕ್ಷರವಿರುವುದರಿಂದ ಅದು ಗುರು, ‘ಕ್ಕ’ ಲಘು, ‘ರೆ’ ಲಘು. ಗುರು, ಲಘು, ಲಘು, ಅಂದರೆ ಭಗಣ. ಒಂದು ಭಾಷೆ ಅಕ್ಷರದ ತೂಕದಿಂದ ಅಳೆಯುತ್ತದೆ, ಇನ್ನೊಂದು ಉಸಿರಿನ ಬಲದಿಂದ ಅಳೆಯುತ್ತದೆ. ಅಳತೆಗೋಲು ಬೇರೆಯಾದರೂ ಎರಡು ಮಾತುಗಳೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ. ಇದು ಬರಿಯ ಆಕಸ್ಮಿಕವಿರಬಹುದು. ಆದರೆ ಎರಡಕ್ಕೂ ನೆಂಟಸ್ತಿಕೆ ಇರುವುದು ಆಕಸ್ಮಿಕವಲ್ಲ.

ಹುಟ್ಟು

ಇವೆರಡಕ್ಕೂ ಮೂಲ ಸಂಸ್ಕೃತದ ‘ಶರ್ಕರಾ’. ಅದು ಕನ್ನಡದಲ್ಲಿ ಸಕ್ಕರೆಯಾದ ಕ್ರಮವನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಬಲ್ಲರು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂತಹ ಮಾರ್ಪಾಡುಗಳಿಗಾಗಿಯೇ ಅಪಭ್ರಂಶ ಪ್ರಕರಣವನ್ನು ಬರೆದಿದ್ದಾನೆ. ಶಕಾರವು ಸಕಾರವಾಗುತ್ತದೆ, ‘ಆಕಾಶ’ವು ‘ಆಗಸ’ವಾದಂತೆ. ರೇಫವು ತನ್ನ ಜೊತೆಯ ವ್ಯಂಜನದಲ್ಲಿ ಕರಗಿ ದ್ವಿತ್ವವಾಗುತ್ತದೆ. ‘ಸ್ವರ್ಗ’ವು ‘ಸಗ್ಗ’ವಾದಂತೆ, ‘ವರ್ಣ’ವು ‘ಬಣ್ಣ’ವಾದಂತೆ. ಕೊನೆಯ ಆಕಾರವು ಎಕಾರವಾಗುತ್ತದೆ. ‘ಮಾಲಾ’ ಎಂಬುದು ‘ಮಾಲೆ’ಯಾದಂತೆ. ಮೂರು ಹೆಜ್ಜೆಗಳಲ್ಲಿ ‘ಶರ್ಕರಾ’ ‘ಸಕ್ಕರೆ’ಯಾಯಿತು. ಮೂಲದಲ್ಲಿ ಗುರು, ಲಘು, ಗುರುಗಳಿಂದ ರಗಣವಾಗಿದ್ದುದು ಕೊನೆಯ ಸ್ವರ ಹ್ರಸ್ವವಾದ್ದರಿಂದ ಭಗಣವಾಯಿತು.

ಸಂಸ್ಕೃತದಲ್ಲಿ ‘ಶರ್ಕರಾ’ ಎಂಬುದಕ್ಕೆ ಮೊದಲ ಅರ್ಥ ಸಿಹಿಯಲ್ಲ, ನೊರಜುಗಲ್ಲು, ಹರಳು. ಸಿಹಿವಸ್ತುವಿಗೆ ಕಲ್ಲಿನ ಹೆಸರೇಕೆ ಬಂದೀತೆಂದು ಪುಸ್ತಕ ಮಾತ್ರ ಓದಿದವರು ಕೇಳಬಹುದು. ಆಲೆಮನೆಯಲ್ಲಿ ಒಂದು ಸಂಜೆ ನಿಂತವರು ಕೇಳಲಾರರು. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಹುಯ್ದು, ಒಣಗಿದ ರಚ್ಚನ್ನೇ ಒಲೆಗೆ ಒಡ್ಡಿ ಕಾಯಿಸುತ್ತಾರೆ. ಸುಣ್ಣ ಹಾಕಿ, ಮೇಲೆ ಬಂದ ಮಡ್ಡಿಯನ್ನು ತೆಗೆಯುತ್ತಾರೆ. ನೀರೆಲ್ಲ ಆವಿಯಾಗಿ ಪಾಕ ಗಟ್ಟಿಯಾದಾಗ ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಿನಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಆಮೇಲೆ ಕೊಪ್ಪರಿಗೆಯನ್ನು ಇಳಿಸಿ, ಆರಲು ಬಿಟ್ಟು ತಿರುವುತ್ತಿದ್ದರೆ, ಅದುವರೆಗೆ ಎಣ್ಣೆಯಂತಿದ್ದ ಪಾಕ ಇದ್ದಕ್ಕಿದ್ದಂತೆ ಹರಳುಗಟ್ಟುತ್ತದೆ. ಹಲಗೆ ಕರಕರ ಎನ್ನುತ್ತದೆ. ಬೆರಳಿಗೆ ಸಣ್ಣ ಮರಳು ಸಿಕ್ಕಂತಾಗುತ್ತದೆ. ಆ ಕ್ಷಣವನ್ನು ಕಂಡವನೇ ಯಾವನೋ ಈ ಪದಾರ್ಥಕ್ಕೆ ‘ಶರ್ಕರಾ’ ಎಂದು ಹೆಸರಿಟ್ಟಿರಬೇಕು. ನಾಲಗೆಯಿಂದ ಹುಟ್ಟಿದ ಹೆಸರಲ್ಲ ಇದು, ಬೆರಳಿನಿಂದ ಹುಟ್ಟಿದ ಹೆಸರು. ನಾವು ‘ಕಲ್ಲುಸಕ್ಕರೆ’ ಎನ್ನುವಾಗ ಮೂಲಾರ್ಥದಲ್ಲಿ ಕಲ್ಲನ್ನು ಎರಡು ಸಲ ಹೇಳುತ್ತಿದ್ದೇವೆಂಬುದನ್ನೂ ಗಮನಿಸಬಹುದು.

ಕಡಲಿನ ದಾರಿ

ಈ ‘ಶರ್ಕರಾ’ ಎಂಬ ಮಾತು ಯೂರೋಪಿಗೆ ಎರಡು ದಾರಿಗಳಲ್ಲಿ ಹೋಯಿತು. ‘ಜ್ಯಾಗರಿ’ಯದು ಕಡಲಿನ ದಾರಿ. ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಬಂದಿಳಿದದ್ದು 1498ರಲ್ಲಿ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರು ಮೊದಲು ಕಾಲೂರಿದ ಮಲೆಯಾಳ ನಾಡಿನಲ್ಲಿ ‘ಶರ್ಕ್ಕರ’ ಎಂದರೂ ‘ಚಕ್ಕರ’ ಎಂದರೂ ಬೆಲ್ಲವೇ. ನಾವು ಸಕ್ಕರೆ ಎನ್ನುವ ಬಿಳಿಯ ವಸ್ತುವಿಗೆ ಅವರು ‘ಪಂಚಸಾರ’ ಎಂಬ ಬೇರೊಂದು ಹೆಸರನ್ನು ಇಟ್ಟುಕೊಂಡಿದ್ದಾರೆ. 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸನು ಇಲ್ಲಿಯ ಮರಗಳ ರಸದಿಂದ ಮಾಡುವ ಬೆಲ್ಲವನ್ನು ‘ಶಗರ’ ಎಂದು ಹೆಸರಿಸಿದ್ದಾನೆ. ಅದನ್ನು ಅವನು ಬರೆದದ್ದು ‘ಎಕ್ಸ್’ ಅಕ್ಷರದಿಂದ. ಪೋರ್ಚುಗೀಸರಲ್ಲಿ ಆ ಅಕ್ಷರಕ್ಕೆ ಶಕಾರದ ಧ್ವನಿಯುಂಟು. ಕ್ರಮೇಣ ಅದು ‘ಜೆ’ ಅಕ್ಷರಕ್ಕೆ ತಿರುಗಿ ‘ಜಾಗರ’, ‘ಜಾಗ್ರ’ ಎಂದಾಯಿತು. ಅವರ ‘ಜೆ’ ಕೂಡ ನಮ್ಮ ಜಕಾರವಲ್ಲ. ಶಕಾರವನ್ನೇ ಗಂಟಲಿನ ಘೋಷ ಸೇರಿಸಿ ನುಡಿದರೆ ಬರುವ ಧ್ವನಿ. ಇಂಗ್ಲಿಷರು ಅದೇ ಅಕ್ಷರವನ್ನು ತಮ್ಮ ರೂಢಿಯಂತೆ ಜಕಾರವಾಗಿ ಓದಿದರು. ಶಕಾರವು ಜಕಾರವಾದ ಹಾದಿ ಹೀಗೆ ಕಾಣುತ್ತದೆ.

ಕಕಾರವು ಗಕಾರವಾದದ್ದಕ್ಕೆ ನಾವು ಆಶ್ಚರ್ಯಪಡಬೇಕಾಗಿಲ್ಲ. ‘ಮಳೆ’ಗೆ ‘ಕಾಲ’ ಸೇರಿದರೆ ನಾವು ‘ಮಳೆಗಾಲ’ ಎನ್ನುವುದಿಲ್ಲವೆ? ಸ್ವರಗಳ ನಡುವೆ ಸಿಕ್ಕ ಕಕಾರವು ಮೆತ್ತಗಾಗುವುದು ಅನೇಕ ಭಾಷೆಗಳ ಸ್ವಭಾವ. ನಮ್ಮ ವ್ಯಾಕರಣದಲ್ಲಿ ಅದಕ್ಕೆ ಆದೇಶ ಸಂಧಿ ಎಂದು ಹೆಸರಿದೆ, ಅಷ್ಟೆ.

ಇಂಗ್ಲಿಷಿಗೆ ಈ ಮಾತು ಸೇರಿದ್ದು ಒಂದು ಭಾಷಾಂತರದ ಮೂಲಕ. ಲಿನ್‌ಸ್ಕೋಟೆನ್ ಎಂಬ ಡಚ್ಚರವನು 1583ರಿಂದ ಕೆಲವು ವರ್ಷ ಗೋವೆಯಲ್ಲಿ ಪೋರ್ಚುಗೀಸ್ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದು, ಊರಿಗೆ ಮರಳಿ ತನ್ನ ಪ್ರವಾಸದ ಪುಸ್ತಕವನ್ನು 1596ರಲ್ಲಿ ಪ್ರಕಟಿಸಿದ. ಅದರ ಇಂಗ್ಲಿಷು ಭಾಷಾಂತರ ಬಂದದ್ದು 1598ರಲ್ಲಿ. ತೆಂಗಿನ ಕಳ್ಳನ್ನು ಕಾಯಿಸಿ ಮಾಡುವ ಬೆಲ್ಲದ ವಿಷಯ ಬಂದಲ್ಲಿ ಈ ಮಾತು ಅದರಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಅದಕ್ಕೆ ಎರಡೇ ಸಿಲಬಲ್, ‘ಜಾಗ್ರ’. ಅಚ್ಚಿನಲ್ಲಿ ಮೊದಲಕ್ಷರ ‘ಐ’. ಆ ಕಾಲದ ಇಂಗ್ಲಿಷು ಮುದ್ರಣದಲ್ಲಿ ‘ಐ’ಗೂ ‘ಜೆ’ಗೂ ಈಗಿನಂತೆ ಭೇದವಿರಲಿಲ್ಲ.

ಇನ್ನೂರು ವರ್ಷ ಕಳೆದ ಮೇಲೂ ಅದರ ವರ್ಣಕ್ರಮ ಸ್ಥಿರವಾಗಿರಲಿಲ್ಲ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಬೆಳೆ, ಕಸುಬು, ಧಾರಣೆಗಳನ್ನು ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಈ ಮಾತಿಗೆ ಜಿ ಒಂದೇ, ನಡುವೆ ‘ಇ’ಗೆ ಬದಲು ‘ಓ’. ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ಸೇರಿಸಿ 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿ ಅದು ಈಗಿನ ರೂಪದಲ್ಲಿ ಕುಳಿತಿದೆ. ಜ್ಯಾಗರಿ ಎಂಬುದು ‘ಶುಗರ್’ ಎಂಬ ಮಾತಿನದೇ ಇನ್ನೊಂದು ರೂಪವೆಂದೂ ಅವರು ತಿಳಿಸಿದ್ದಾರೆ.

ಇಲ್ಲಿ ಅಭಿಮಾನಕ್ಕೆ ಸಂಬಂಧಿಸಿದ ಒಂದು ಪ್ರಶ್ನೆ ಏಳುತ್ತದೆ. ‘ಜ್ಯಾಗರಿ’ ಕನ್ನಡದಿಂದ ಹೋದ ಮಾತೆ? ಇಂಗ್ಲಿಷು ಕೋಶಕಾರರಲ್ಲಿ ಮಲಯಾಳದ ಮಾತನ್ನು ಮೂಲವಾಗಿ ಹೇಳುವವರುಂಟು. ಕನ್ನಡದ ‘ಶರ್ಕರೆ’ಯನ್ನು ಹೇಳಿದವರೂ ಉಂಟು. ಮಂಡ್ಯದ ಸೀಮೆಯವನಾದ ನನಗೆ ಎರಡನೆಯದನ್ನೇ ಎತ್ತಿಹಿಡಿಯಬೇಕೆಂಬ ಆಸೆಯಾದುದು ಸಹಜ. ಆದರೆ ವಿಚಾರ ಮಾಡಿದರೆ ತಕ್ಕಡಿ ಮಲಯಾಳದ ಕಡೆಗೆ ವಾಲುತ್ತದೆ. ಏಕೆಂದರೆ ನಮ್ಮ ಸಕ್ಕರೆ ಬೆಲ್ಲವಲ್ಲ. ಅವರ ಚಕ್ಕರ ಬೆಲ್ಲವೇ ಹೌದು. ಜೊತೆಗೆ ಬಾರ್ಬೋಸ, ಲಿನ್‌ಸ್ಕೋಟೆನ್ ಇಬ್ಬರೂ ಹೇಳಿದ್ದು ತೆಂಗು ತಾಳೆಗಳ ಬೆಲ್ಲ. ಗದ್ದೆಯ ಕಬ್ಬಿನ ಬೆಲ್ಲವಲ್ಲ. ಶಬ್ದವೂ ಅರ್ಥವೂ ಎರಡೂ ಹೊಂದಿದಾಗ ಮಾತ್ರ ವ್ಯುತ್ಪತ್ತಿ ನಿಲ್ಲುತ್ತದೆ. ಆದುದರಿಂದ ‘ಜ್ಯಾಗರಿ’ಗೆ ಸಕ್ಕರೆ ತಾಯಿಯಲ್ಲ, ಚಿಕ್ಕಮ್ಮ ಎನ್ನುವುದೇ ನ್ಯಾಯ. ನೆಂಟಸ್ತಿಕೆ ಅದರಿಂದೇನೂ ಕಡಮೆಯಾಗುವುದಿಲ್ಲ. ತಮಿಳರು ಬೆಲ್ಲ ಹಾಕಿ ಮಾಡುವ ಪೊಂಗಲನ್ನು ‘ಸಕ್ಕರೈ ಪೊಂಗಲ್’ ಎಂದೇ ಕರೆಯುತ್ತಾರೆ. ಬೆಲ್ಲಕ್ಕೂ ಸಕ್ಕರೆಗೂ ಈಗ ನಾವು ಎಳೆಯುವ ಗೆರೆಯನ್ನು ನೆರೆಯ ಭಾಷೆಗಳು ಎಲ್ಲ ಕಡೆಯೂ ಎಳೆದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ನೆಲದ ದಾರಿ

ಇನ್ನೊಂದು ದಾರಿ ನೆಲದ್ದು. ಮೊದಲನೆಯದಕ್ಕಿಂತ ಬಹಳ ಹಳೆಯದು. ‘ಶರ್ಕರಾ’ ಪಾರಸಿಕರಲ್ಲಿ ‘ಶಕರ್’ ಆಯಿತು, ಅರಬರಲ್ಲಿ ‘ಸುಕ್ಕರ್’ ಆಯಿತು. ಅರಬರು ಕಬ್ಬನ್ನು ಸಿಸಿಲಿ, ಸ್ಪೇನುಗಳವರೆಗೆ ಒಯ್ದು ಬೆಳೆದರು. ಅವರ ಬಾಯಿಂದ ಮಾತು ಇಟಲಿ, ಫ್ರಾನ್ಸುಗಳಿಗೆ ದಾಟಿ, 1300ರ ಸುಮಾರಿಗೆ ಇಂಗ್ಲಿಷಿಗೆ ಬಂದು, ಕೊನೆಗೆ ‘ಶುಗರ್’ ಎಂದು ನೆಲಸಿತು. ಇದಕ್ಕೂ ಮುಂಚೆಯೇ ಗ್ರೀಕರಿಗೆ ಭಾರತದ ಸಕ್ಕರೆಯ ಸುದ್ದಿ ಮುಟ್ಟಿತ್ತು. ಅವರ ‘ಸಾಕರೊನ್’ ಎಂಬ ಮಾತು ಲ್ಯಾಟಿನ್ನಿಗೆ ಹೋಗಿ ‘ಸ್ಯಾಕರಂ’ ಆಯಿತು. 1753ರಲ್ಲಿ ಲಿನೇಯಸ್ ಎಂಬ ಸಸ್ಯವಿಜ್ಞಾನಿ ಕಬ್ಬಿಗೆ ‘ಸ್ಯಾಕರಂ ಅಫಿಸಿನೇರಂ’ ಎಂದು ಶಾಸ್ತ್ರೀಯನಾಮವಿಟ್ಟ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಫಾಲ್‌ಬರ್ಗ್, ರೆಮ್ಸೆನ್ ಎಂಬುವರು ಕಂಡುಹಿಡಿದ ‘ಸ್ಯಾಕರಿನ್’ ಎಂಬ ಕೃತಕ ಸಿಹಿಗೂ ಇದೇ ಹೆಸರು. ವಿಜ್ಞಾನದ ಸಹಪಾಠಿಗಳು ಈ ಮಾತುಗಳನ್ನು ಬಾಯಿಪಾಠ ಮಾಡುವಾಗ ತಮ್ಮ ಮನೆಯ ಡಬ್ಬಿಯಲ್ಲಿರುವ ಸಕ್ಕರೆಯನ್ನು ನೆನೆದರೆ ಮರೆಯಲಾರರು.

‘ಶುಗರ್’ ಎಂಬ ಉಚ್ಚಾರಣೆಯೂ ವಿಚಾರಕ್ಕೆ ಅರ್ಹವಾದದ್ದೇ. ಬರೆಯುವುದು ‘ಎಸ್’ ಅಕ್ಷರದಿಂದ, ನುಡಿಯುವುದು ಶಕಾರದಿಂದ. ಇಂತಹುದೇ ಮತ್ತೊಂದು ಮಾತು ‘ಖಂಡಿತ’ ಎಂಬರ್ಥದ ‘ಶೂರ್’. ಮೊದಲು ಈ ಮಾತುಗಳಲ್ಲಿ ಸಕಾರದ ಮುಂದೆ ಸಣ್ಣದೊಂದು ಯಕಾರವಿತ್ತು. ‘ಸ್ಯು’ ಎಂದು ವೇಗವಾಗಿ ಹತ್ತು ಸಲ ಹೇಳಿ ನೋಡಿ. ನಾಲಗೆ ತಾನಾಗಿ ‘ಶು’ ಎಂಬಲ್ಲಿಗೆ ಜಾರುತ್ತದೆ. ಧ್ವನಿ ಜಾರಿತು, ಅಕ್ಷರ ನಿಂತಲ್ಲಿಯೇ ನಿಂತಿತು. ಸಂಸ್ಕೃತದಲ್ಲಿದ್ದ ಶಕಾರ ಅರಬರಲ್ಲಿ ಸಕಾರವಾಗಿ, ಇಂಗ್ಲಿಷರ ಬಾಯಲ್ಲಿ ಮತ್ತೆ ಶಕಾರವಾಯಿತೆಂಬುದು ಸೋಜಿಗ. ಇದು ಮೂಲದ ನೆನಪಿನಿಂದ ಆದುದಲ್ಲ. ಅವರ ನಾಲಗೆ ತನ್ನ ನಿಯಮದಂತೆ ನಡೆದುದರಿಂದ ಆದುದು.

ಅಕ್ಕತಂಗಿಯರ ಭೇಟಿ

ಹೀಗೆ ಒಂದೇ ತಾಯಿಯ ಮಕ್ಕಳು ಇಬ್ಬರು ಬೇರೆ ಬೇರೆ ದಾರಿ ಹಿಡಿದು ಇಂಗ್ಲಿಷಿನ ಮನೆಗೆ ಸೇರಿದರು. ಅವರಿಬ್ಬರೂ ಒಂದೇ ಬಾಗಿಲಲ್ಲಿ ಎದುರುಬದುರಾದ ಸ್ಥಳವೊಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ಅದು ಶ್ರೀರಂಗಪಟ್ಟಣಕ್ಕೆ ಸಮೀಪದ ಪಾಲಹಳ್ಳಿ. 1847ರಲ್ಲಿ ಗ್ರೋವ್ಸ್ ಎಂಬ ಕಂಪನಿಯವರು ಅಲ್ಲಿ ಅಷ್ಟಗ್ರಾಮ ಶುಗರ್ ವರ್ಕ್ಸ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿದರು. ಸುತ್ತಲಿನ ರೈತರು ಮಾಡಿದ ಬೆಲ್ಲವನ್ನು ತೆಗೆದುಕೊಂಡು, ಶುದ್ಧಿಮಾಡಿ ಸಕ್ಕರೆ ತೆಗೆಯುವುದು ಅದರ ಕೆಲಸ. ಒಳಕ್ಕೆ ಹೋದದ್ದರ ಹೆಸರು ‘ಜ್ಯಾಗರಿ’, ಹೊರಕ್ಕೆ ಬಂದದ್ದರ ಹೆಸರು ‘ಶುಗರ್’. ಒಂದು ಕಡಲು ಸುತ್ತಿ ಬಂದ ಮಾತು, ಇನ್ನೊಂದು ಮರುಭೂಮಿ ದಾಟಿ ಬಂದ ಮಾತು. ಕಾವೇರಿಯ ದಡದಲ್ಲಿ ಎರಡೂ ಒಂದೇ ಲೆಕ್ಕದ ಪುಸ್ತಕದ ಎದುರುಬದುರು ಪುಟಗಳಾದವು. ಮುಂದೆ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷ್ಣರ���ಜಸಾಗರದ ನಾಲೆಯ ನೀರು ಹರಿದು ಕಬ್ಬಿನ ಗದ್ದೆಗಳು ಹಬ್ಬಿದವು. 1939ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮಂಡ್ಯಕ್ಕೆ ‘ಸಕ್ಕರೆಯ ನಾಡು’ ಎಂಬ ಹೆಸರು ನಿಂತಿತು. ಆದರೆ ಆಲೆಮನೆಗಳು ಕಾರ್ಖಾನೆಗೆ ಸೋತು ಮುಚ್ಚಿಹೋಗಲಿಲ್ಲ. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು ಬೆಲ್ಲ, ಬಕೆಟ್ ಬೆಲ್ಲ ಎಂದು ಇಂದಿಗೂ ಬಗೆಬಗೆಯ ಬೆಲ್ಲಕ್ಕೆ ಬೇರೆ ಬೇರೆ ಧಾರಣೆ ಕೂಗುತ್ತಾರೆ.

ಬೆಲ್ಲಕ್ಕೂ ಸಕ್ಕರೆಗೂ ವಸ್ತುವಿನಲ್ಲಿರುವ ವ್ಯತ್ಯಾಸ ಮುಖ್ಯವಾಗಿ ಕಾಕಂಬಿಯದು. ಕಾರ್ಖಾನೆಯಲ್ಲಿ ಯಂತ್ರದಿಂದ ಗಿರಗಿರನೆ ತಿರುಗಿಸಿ, ಹರಳನ್ನು ಉಳಿಸಿಕೊಂಡು ಕಾಕಂಬಿಯನ್ನು ಬೇರ್ಪಡಿಸುತ್ತಾರೆ. ಆಲೆಮನೆಯಲ್ಲಿ ಎಲ್ಲವೂ ಒಂದಾಗಿಯೇ ಅಚ್ಚಿಗೆ ಹೋಗುತ್ತದೆ. ಇಷ್ಟರಿಂದಲೇ ಒಂದು ಬಿಳಿಯದು, ಒಂದು ಕಂದು. ಆದರೆ ಜನರ ಮನಸ್ಸಿನಲ್ಲಿ ಈ ಬಣ್ಣ ಬಹಳ ಕಾಲ ದರ್ಜೆಯಾಗಿ ನಿಂತಿತ್ತು. ನೆಂಟರು ಬಂದರೆ ಸಕ್ಕರೆಯ ಕಾಫಿ, ಮನೆಯವರಿಗೆ ಬೆಲ್ಲದ ಕಾಫಿ ಎಂಬ ಪದ್ಧತಿಯನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಪಟ್ಟಣದ ಅಂಗಡಿಗಳಲ್ಲಿ ಈಗ ಬೆಲ್ಲಕ್ಕೇ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ. ದರ್ಜೆ ಹೀಗೆ ತಿರುಗುಮುರುಗಾಗುವುದಾದರೆ ಅದು ವಸ್ತುವಿನಲ್ಲಿರಲಿಲ್ಲ, ನೋಡುವವರ ಕಣ್ಣಿನಲ್ಲಿತ್ತು ಎಂದಾಯಿತು. ಮಾತುಗಳ ವಿಷಯದಲ್ಲಂತೂ ದರ್ಜೆಗೆ ಎಡೆಯೇ ಇಲ್ಲ. ‘ಶುಗರ್’ ಮೇಲಿನದೂ ಅಲ್ಲ, ‘ಜ್ಯಾಗರಿ’ ಕೆಳಗಿನದೂ ಅಲ್ಲ. ತಾಯಿ ಒಬ್ಬಳೇ.

ಹೋಗದೆ ಉಳಿದ ಮಾತು

ಇಷ್ಟೆಲ್ಲ ಹೇಳಿದ ಮೇಲೆ, ಮನೆಯಲ್ಲಿಯೇ ಉಳಿದ ‘ಬೆಲ್ಲ’ವನ್ನು ಮರೆಯಬಾರದು. ಇದು ಸಂಸ್ಕೃತದಿಂದ ಬಂದುದಲ್ಲ, ಅಚ್ಚ ದ್ರಾವಿಡ. ತಮಿಳು, ಮಲಯಾಳಗಳಲ್ಲಿ ‘ವೆಲ್ಲಂ’, ತೆಲುಗಿನಲ್ಲಿ ‘ಬೆಲ್ಲಮು’. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ನಿಯಮ: ಅವರ ‘ವೇರ್’ ನಮ್ಮ ‘ಬೇರು’, ಅವರ ‘ವಿಲ್’ ನಮ್ಮ ‘ಬಿಲ್ಲು’, ಅವರ ‘ವಾ’ ನಮ್ಮ ‘ಬಾ’. ಈ ಮಾತು ಯಾವ ಹಡಗನ್ನೂ ಹತ್ತಲಿಲ್ಲ. ಯುಗಾದಿಯ ಬೇವಿನ ಜೊತೆ, ಸಂಕ್ರಾಂತಿಯ ಎಳ್ಳಿನ ಜೊತೆ ಇಲ್ಲಿಯೇ ಇದೆ. ಉತ್ತರ ದೇಶದಲ್ಲಿ ಬೆಲ್ಲಕ್ಕೆ ‘ಗುಡ’ ಎಂಬ ಸಂಸ್ಕೃತದ ಮಾತಿನಿಂದ ಬಂದ ‘ಗುಡ್’ ಎಂಬ ಹೆಸರು. ಯೂರೋಪಿಯನರು ಮೊದಲು ಗಂಗೆಯ ಬಯಲಿಗೆ ಇಳಿದಿದ್ದರೆ ಇಂಗ್ಲಿಷು ಪುಸ್ತಕಗಳಲ್ಲಿ ಬಹುಶಃ ಅದೇ ನೆಲೆಯೂರುತ್ತಿತ್ತು. ಅವರು ಮೊದಲು ಇಳಿದದ್ದು ನಮ್ಮ ಪಡುವಣ ಕರಾವಳಿಗೆ. ಆದುದರಿಂದ ‘ಜ್ಯಾಗರಿ’ ನೆಲೆಯೂರಿತು. ಒಂದು ಮಾತಿನೊಳಗೆ ಒಂದು ನಾಡಿನ ವ್ಯಾಪಾರದ ಚರಿತ್ರೆ ಹೀಗೆ ಅಡಗಿರುತ್ತದೆ.

ಈ ವಿಚಾರದಿಂದ ವಿದ್ಯಾರ್ಥಿಗಳಾದ ನಮಗೆ ಏನು ಲಾಭ? ನನಗೆ ತೋರಿದ್ದನ್ನು ಹೇಳುತ್ತೇನೆ. ಇಂಗ್ಲಿಷು ಮಾತನ್ನು ತಪ್ಪಾಗಿ ನುಡಿದರೆ ನಗುವರೆಂಬ ಭಯದಿಂದ ಬಾಯಿಯನ್ನೇ ತೆರೆಯದೆ ಮೂರು ವರ್ಷ ಕಳೆಯುವವರು ನಮ್ಮಲ್ಲಿದ್ದಾರೆ. ಅವರು ಈ ಮಾತಿನ ಚರಿತ್ರೆಯನ್ನು ನೆನೆಯಬೇಕು. ನಮ್ಮ ಸೀಮೆಯ ಒಂದು ಮಾತನ್ನು ಇಂಗ್ಲಿಷರು 1598ರಲ್ಲಿ ಒಂದು ರೀತಿ ಬರೆದರು, 1807ರಲ್ಲಿ ಇನ್ನೊಂದು ರೀತಿ ಬರೆದರು. ಶಕಾರವನ್ನು ಜಕಾರ ಮಾಡಿದರು, ಕಕಾರವನ್ನು ಗಕಾರ ಮಾಡಿದರು, ಎರಡು ಸಿಲಬಲ್ಲಿನದನ್ನು ಮೂರು ಮಾಡಿದರು. ಅದಕ್ಕಾಗಿ ನಾಚಿ ಯಾರೂ ಬಾಯಿ ಮುಚ್ಚಿಕೊಳ್ಳಲಿಲ್ಲ. ನುಡಿಯುತ್ತ, ಬರೆಯುತ್ತ, ತಿದ್ದುತ್ತ ಅದನ್ನು ತಮ್ಮದಾಗಿ ಮಾಡಿಕೊಂಡರು. ನಮ್ಮ ಹಿರಿಯರೂ ‘ಶರ್ಕರಾ’ವನ್ನು ಸಕ್ಕರೆ ಮಾಡಿದ್ದು ಇದೇ ಧೈರ್ಯದಿಂದ. ನಾಲಗೆಗೆ ಒಗ್ಗುವವರೆಗೆ ಪ್ರತಿಯೊಂದು ಮಾತೂ ಪ್ರತಿಯೊಬ್ಬರಿಗೂ ಪರಕೀಯವೇ. ಹಾಗೆಂದು ಸರಿಯಾದ ಉಚ್ಚಾರಣೆಯನ್ನು ಕಲಿಯಬೇಕಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಒತ್ತು ಎಲ್ಲಿ, ಯಾವ ಸ್ವರ ಕ್ಷೀಣ, ಜೋಡಕ್ಷರ ಏಕೆ ಎಂಬುದನ್ನು ಲಕ್ಷಣವಾಗಿ ಕಲಿಯೋಣ. ಕಲಿಯುವವರೆಗೆ ಹೆದರದೆ ನುಡಿಯೋಣ.

ಅದರ ಜೊತೆಗೆ ನಿಘಂಟಿನಲ್ಲಿ ಅರ್ಥ ಸಿಕ್ಕೊಡನೆ ಮುಚ್ಚಿಬಿಡದೆ, ಅದರ ಕೆಳಗಿನ ಸಣ್ಣ ಅಕ್ಷರಗಳನ್ನೂ ಓದುವ ಅಭ್ಯಾಸವಿಟ್ಟುಕೊಳ್ಳೋಣ. ಮುಂದೆ ಯಾರಾದರೂ ಈ ಕೆಲಸ ಮಾಡುವುದಾದರೆ ಒಂದು ಸುಲಭವಾದ ಸೂಚನೆ ಕೊಡುತ್ತೇನೆ. ಮನೆಯ ತಾಂಬೂಲದ ತಟ್ಟೆಯಿಂದ ತೊಡಗಲಿ. ವೀಳ್ಯದೆಲೆಗೆ ಇಂಗ್ಲಿಷಿನಲ್ಲಿ ‘ಬೀಟಲ್’, ಅದು ಮಲಯಾಳದ ‘ವೆತ್ತಿಲ’. ಅಡಿಕೆಗೆ ‘ಅರಿಕ’, ಅದು ನಮ್ಮ ಅಡಿಕೆಯ ಒಡಹುಟ್ಟಾದ ‘ಅಡಕ್ಕ’. ಎರಡೂ ‘ಜ್ಯಾಗರಿ’ಯಂತೆಯೇ ಪೋರ್ಚುಗೀಸರ ಬಾಯಿ ಹಾಯ್ದು ಹೋದ ಮಾತುಗಳು. ಡಕಾರ ಹೇಗೆ ರೇಫವಾಯಿತು, ವಕಾರ ಹೇಗೆ ಬಕಾರವಾಯಿತು, ಸಿಲಬಲ್‌ಗಳೆಷ್ಟು, ಒತ್ತು ಎಲ್ಲಿ ಎಂಬುದನ್ನು ಅವರು ಬರೆದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ನಾವೆಲ್ಲರೂ ಓದಬಹುದು.